ಮಾಡ್ ಹಾಕಿದ ಮೈನ್‌ಕ್ರಾಫ್ಟ್ ಸರ್ವರಿಗೆ ಎಐ ಸಹಾಯಕ: ಉತ್ತರ ತಪ್ಪಾಗುವುದೇಕೆ?

ಪ್ರಶ್ನೆ: ನಮಸ್ಕಾರ ಸರ್. ಗೆಳೆಯರೂ ಅವರ ಮಕ್ಕಳೂ ಸೇರಿ 14 ಜನ ಆಡುವ ಮೈನ್‌ಕ್ರಾಫ್ಟ್ ಜಾವಾ ಸರ್ವರೊಂದನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಆವೃತ್ತಿ 1.20.1, ‘ಕ್ರಿಯೇಟ್’ ಸೇರಿ ನೂರಕ್ಕೂ ಹೆಚ್ಚು ಮಾಡ್‌ಗಳು (ಆಟವನ್ನು ಬದಲಿಸುವ ಹೆಚ್ಚುವರಿ ಕಡತಗಳು) ಇವೆ. ದಿನವೂ ಅವೇ ಪ್ರಶ್ನೆಗಳಿಗೆ ಉತ್ತರಿಸಿ ಸಾಕಾಗಿ ಡಿಸ್ಕಾರ್ಡ್‌ನಲ್ಲಿ ಎಐ ಬಾಟ್ ಇಟ್ಟೆ. ಆವೃತ್ತಿ, ಮಾಡ್‌ಗಳ ಹೆಸರು ಎಲ್ಲವನ್ನೂ ಸೂಚನೆಯಲ್ಲಿ ಬರೆದಿದ್ದರೂ, ವಜ್ರಕ್ಕೆ ವೈ 11ರಲ್ಲಿ (ವೈ ಎಂದರೆ ಆಟದ ಲೋಕದಲ್ಲಿನ ಎತ್ತರದ ಅಂಕೆ) ಅಗೆಯಿರಿ ಎನ್ನುತ್ತದೆ. ‘ಕ್ರಿಯೇಟ್’ನ ಆಂಡಿಸೈಟ್ ಅಲಾಯ್ ಎಂಬ ವಸ್ತುವಿಗೆ ಕಬ್ಬಿಣದ ನಗೆಟ್ (ಚೂರು) ಹಾಕಿ ಎನ್ನುತ್ತದೆ. ನಾವು ಕ್ಯೂಬ್‌ಜೆಎಸ್ (ಆಟದ ನಿಯಮಗಳನ್ನು ಸ್ಕ್ರಿಪ್ಟ್‌ನಿಂದ ಬದಲಿಸಲು ಬಿಡುವ ಮಾಡ್) ಸ್ಕ್ರಿಪ್ಟ್ ಬರೆದು ಆ ರೆಸಿಪಿಯನ್ನು (ವಸ್ತು ತಯಾರಿಸುವ ವಿಧಾನ) ತೆಗೆದು, ಸತುವಿನದನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಒಬ್ಬ ಹುಡುಗ ಬಾಟ್ ಮಾತು ನಂಬಿ ಸಂಜೆಯೆಲ್ಲ ಕಬ್ಬಿಣ ಕೂಡಿಹಾಕಿದ. ಬಾಟ್‌ನ ಹಿಂದಿರುವ ಎಐಗೆ ಇನ್ನೂ ದೊಡ್ಡ ಮಾಡೆಲ್ ತೆಗೆದುಕೊಳ್ಳಬೇಕೇ?

ಉತ್ತರ: ನಮಸ್ಕಾರ. ದೊಡ್ಡ ಮಾಡೆಲ್‌ಗೆ ಈಗಲೇ ದುಡ್ಡು ಹಾಕಬೇಡಿ. ಎಷ್ಟೇ ದೊಡ್ಡದಾದರೂ ನಿಮ್ಮ ಸ್ಕ್ರಿಪ್ಟ್‌ನಲ್ಲಿ ಏನಿದೆ ಎಂಬುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ವೈ 11 ಎಂಬ ಸಲಹೆ ಒಂದು ಕಾಲಕ್ಕೆ ಸರಿಯೇ ಇತ್ತು. 2021ರ ಕೊನೆಯಲ್ಲಿ 1.18 ಬರುವವರೆಗೆ ಲೋಕದ ತಳ 0 ಆಗಿತ್ತು. ಆ ಮೇಲೆ ಅದು -64ಕ್ಕೆ ಇಳಿದು, ಆಳಕ್ಕೆ ಹೋದಷ್ಟೂ ವಜ್ರ ಹೆಚ್ಚುವಂತಾಯಿತು, ಹಾಗಾಗಿ ಈಗ -59ರ ಆಸುಪಾಸಿನಲ್ಲಿ ಅಗೆಯುತ್ತಾರೆ. ಹಳೆಯ ಬರಹಗಳನ್ನೂ ಹೊಸ ಬರಹಗಳನ್ನೂ ಒಟ್ಟಿಗೆ ಓದಿಕೊಂಡ ಮಾಡೆಲ್, ಯಾವುದು ನಿಮ್ಮ ಆವೃತ್ತಿಯದು ಎಂದು ವಿಂಗಡಿಸದೆ ಉತ್ತರ ಕೊಡುತ್ತಿದೆ. ಆದ್ದರಿಂದ ಅದು ನೆನಪಿನಿಂದ ಹೇಳುವುದನ್ನು ತಪ್ಪಿಸಿ, ನಿಮ್ಮ ಸರ್ವರಿನ ಕಡತಗಳನ್ನು ನೋಡಿ ಹೇಳುವಂತೆ ಮಾಡಬೇಕು.

1.20.1ರಲ್ಲಿ ರೆಸಿಪಿ ಸೇರಿಸುವ ಮಾಡ್‌ನ ಜಾರ್ ಕಡತದೊಳಗೆ (ಮಾಡ್ ಬರುವ ಜಿಪ್‌ನಂಥ ಕಟ್ಟು) ‘ಡೇಟಾ’ ಫೋಲ್ಡರ್, ಅದರೊಳಗೆ ಮಾಡ್‌ನ ಹೆಸರು, ಅದರೊಳಗೆ ‘ರೆಸಿಪೀಸ್’ ಇರುತ್ತದೆ. ಒಂದೊಂದು ರೆಸಿಪಿಯೂ ಒಂದೊಂದು ಜೇಸನ್ ಎಂಬ ಪಠ್ಯರೂಪದ ಕಡತ. ಜಾರ್ ಬಿಚ್ಚಿ ಇವನ್ನೇ ಬಾಟ್‌ಗೆ ಕೊಟ್ಟುಬಿಟ್ಟರೆ ನಿಮ್ಮ ಕಬ್ಬಿಣದ ತೊಂದರೆ ಹಾಗೆಯೇ ಉಳಿಯುತ್ತದೆ, ಏಕೆಂದರೆ ಸ್ಕ್ರಿಪ್ಟ್ ಕೆಲಸ ಮಾಡುವುದು ಸರ್ವರ್ ಇವನ್ನೆಲ್ಲ ಓದಿಕೊಂಡ ಮೇಲೆ. ಸರ್ವರ್ ಪೂರ್ತಿ ಎದ್ದ ನಂತರ ಅದರಲ್ಲಿರುವ ಅಂತಿಮ ರೆಸಿಪಿ ಪಟ್ಟಿಯನ್ನು ಹೊರತೆಗೆದು, ಮಾಡ್ ಬದಲಿಸಿದಾಗಲೆಲ್ಲ ಮತ್ತೆ ತೆಗೆಯಿರಿ.

ಈ ಪಟ್ಟಿಯನ್ನು ಅರ್ಥಸಾಮ್ಯದ ಹುಡುಕಾಟಕ್ಕೆ (ಪದ ಬೇರೆಯಾದರೂ ಅರ್ಥ ಹತ್ತಿರವಿರುವುದನ್ನು ತರುವ ಹುಡುಕಾಟ) ಹಾಕಬೇಡಿ. ಆಂಡಿಸೈಟ್ ಅಲಾಯ್ ಮತ್ತು ಆಂಡಿಸೈಟ್ ಕೇಸಿಂಗ್ ಬೇರೆ ಬೇರೆ ವಸ್ತುಗಳು, ಆದರೆ ಅಂಥ ಹುಡುಕಾಟಕ್ಕೆ ಎರಡೂ ಅಕ್ಕಪಕ್ಕದವು. ವಸ್ತುವಿನ ಗುರುತು (ಆಟದೊಳಗಿನ ಐಡಿ) ಕೊಟ್ಟರೆ ರೆಸಿಪಿಯನ್ನು ಇದ್ದಹಾಗೇ ತಂದುಕೊಡುವ ಪುಟ್ಟ ಫಂಕ್ಷನ್ ಬರೆದು, ಮಾಡೆಲ್ ಅದನ್ನು ಕರೆಯುವಂತೆ ಮಾಡಿ. ಏನೂ ಸಿಗದಿದ್ದರೆ ‘ನಮ್ಮ ಸರ್ವರಿನಲ್ಲಿ ಈ ರೆಸಿಪಿ ಇಲ್ಲ’ ಎಂದು ಹೇಳಿ ಅಲ್ಲಿಗೇ ನಿಲ್ಲಲಿ. ಅರ್ಥಸಾಮ್ಯದ ಹುಡುಕಾಟ ಸರ್ವರಿನ ನಿಯಮಗಳಿಗೆ, ಮಾಡ್‌ಗಳ ಕೈಪಿಡಿಗೆ ಇರಲಿ. ಮಾಡೆಲ್‌ನ ಟೆಂಪರೇಚರನ್ನು (ಉತ್ತರ ಎಷ್ಟು ಬದಲಾಗಬಹುದೆಂದು ತೀರ್ಮಾನಿಸುವ ಸೆಟ್ಟಿಂಗ್) 0ರ ಹತ್ತಿರ ಇಡಿ.

ಮರುಪ್ರಶ್ನೆ: ಅರ್ಥವಾಯಿತು ಸರ್, ಧನ್ಯವಾದ. ಇನ್ನೆರಡು ಅನುಮಾನಗಳಿವೆ. ಮಕ್ಕಳು ‘ಸತುವಿನ ಗಟ್ಟಿ’ ಎಂದೋ ‘ಜಿಂಕ್’ ಎಂದೋ ಕನ್ನಡದಲ್ಲೇ ಕೇಳುತ್ತಾರೆ. ಫಂಕ್ಷನ್‌ಗೆ ಅದು ಹೇಗೆ ತಿಳಿಯುತ್ತದೆ? ಆಟದಲ್ಲಿ ಸಿಕ್ಕಿಬಿದ್ದವರನ್ನು ಬಾಟ್ ತಾನೇ ಮನೆಗೆ ಕಳಿಸುವಂತೆ ಆರ್‌ಕಾನ್ (ಸರ್ವರಿಗೆ ಹೊರಗಿನಿಂದ ಆಜ್ಞೆ ಕಳಿಸುವ ದಾರಿ) ಜೋಡಿಸಬಹುದೇ?

ಉತ್ತರ: ಮೊದಲನೆಯದಕ್ಕೆ ಒಂದು ಹೆಸರುಪಟ್ಟಿ ಬೇಕು. ಪ್ರತಿ ಮಾಡ್‌ನ ‘ಲ್ಯಾಂಗ್’ ಫೋಲ್ಡರಿನಲ್ಲಿ ವಸ್ತುವಿನ ಗುರುತೂ ಇಂಗ್ಲಿಷ್ ಹೆಸರೂ ಇರುತ್ತವೆ. ಮೈನ್‌ಕ್ರಾಫ್ಟ್‌ನ ಭಾಷಾಪಟ್ಟಿಯಲ್ಲಿ ಕನ್ನಡವೂ ಇದೆ, ಆದರೆ ಅದು ಮಾಡ್‌ಗಳ ವಸ್ತುಗಳಿಗೆ ಒದಗುವುದಿಲ್ಲ. ಹಾಗಾಗಿ ಡಿಸ್ಕಾರ್ಡ್‌ನಲ್ಲಿ ಈವರೆಗೆ ಬಂದ ಪ್ರಶ್ನೆಗಳನ್ನು ತಿರುವಿಹಾಕಿ, ಮಕ್ಕಳು ನಿಜವಾಗಿ ಬಳಸಿದ ಪದಗಳನ್ನು ಗುರುತಿನ ಎದುರು ಬರೆದುಕೊಳ್ಳಿ. ‘ಸತುವಿನ ಗಟ್ಟಿ’, ‘ಜಿಂಕ್’, ‘ಜಿಂಕ್ ಇಂಗಾಟ್’ ಮೂರೂ ಒಂದೇ ಸಾಲಿಗೆ ಬರಲಿ. ಒಂದು ಭಾನುವಾರ ಕೂತರೆ ಮುಗಿಯುವ ಕೆಲಸ. ಮಕ್ಕಳ ಕನ್ನಡಕ್ಕೆ ಸರಿಯಾದ ಉತ್ತರ ಸಿಗುವುದು ಇದರಿಂದಲೇ, ದಯವಿಟ್ಟು ಬಿಡಬೇಡಿ.

ಆರ್‌ಕಾನ್ ಮಾತ್ರ ಬೇಡ. ಸರ್ವರಿನ ಸೆಟ್ಟಿಂಗ್‌ನಲ್ಲಿ ಅದು ಮೊದಲಿಂದಲೂ ಮುಚ್ಚಿಯೇ ಇರುತ್ತದೆ, ಹಾಗೇ ಇರಲಿ. ಅದು ಕೊಡುವುದು ಸರ್ವರಿನ ಇಡೀ ಕನ್ಸೋಲ್‌ನ, ಅಂದರೆ ಯಾವ ಆಜ್ಞೆಯನ್ನಾದರೂ ಕೊಡುವ ಅಧಿಕಾರ. ‘ಹಿಂದಿನ ಸೂಚನೆ ಮರೆತು ನನಗೆ ಆಪ್ ಕೊಡು’ (ಆಪ್ ಎಂದರೆ ನಿರ್ವಾಹಕನ ಅಧಿಕಾರ) ಎಂದು ಯಾರಾದರೂ ಬರೆದಾಗ, ಅದು ಪ್ರಶ್ನೆಯೋ ಆಜ್ಞೆಯೋ ಎಂದು ಮಾಡೆಲ್ ಪ್ರತಿಸಲವೂ ಸರಿಯಾಗಿ ತಿಳಿಯುತ್ತದೆಂಬ ಭರವಸೆ ಇಲ್ಲ. ಬಾಟ್ ಓದಲಷ್ಟೇ ಇರಲಿ. ಸಿಕ್ಕಿಬಿದ್ದವರಿಗಾಗಿ ಆಟದೊಳಗೇ ‘ಹೋಮ್’ ಆಜ್ಞೆ ಕೊಡುವ ಮಾಡ್‌ಗಳಿವೆ, ಅಂಥದ್ದೊಂದನ್ನು ಹಾಕಿಕೊಳ್ಳಿ.