ಸಹಾಯ ಬೇಕು: ತಮ್ಮನಿಗೆ ಪರೀಕ್ಷೆಯ ಭಯ, ಧಾರವಾಡದಲ್ಲಿ ಯಾರನ್ನು ಕಾಣಬೇಕು?

ನಮಸ್ಕಾರ ರೀ ಎಲ್ಲರಿಗೂ. ನಾವು ಹಾವೇರಿಯವರು. ನನ್ನ ತಮ್ಮ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿಯ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ಗೆಳೆಯರಿಗೆ ಲೆಕ್ಕ ಹೇಳಿಕೊಡುವವನೇ ಅವನು. ಅರ್ಜಿ ಹಾಕುತ್ತಾನೆ, ಹಾಲ್ ಟಿಕೆಟ್ ಪ್ರಿಂಟ್ ತೆಗೆಸುತ್ತಾನೆ. ಪರೀಕ್ಷೆ ದಿನ ಮಾತ್ರ ಕೈ ಬೆವರಿ, ಹೊಟ್ಟೆ ತೊಳಸಿ, ರೂಮಿನಲ್ಲೇ ಉಳಿದುಬಿಡುತ್ತಾನೆ. 'ಇನ್ನೊಂದು ಸಲ ರಿವಿಜನ್ ಆಗಲಿ ಅಕ್ಕಾ' ಅಂತಾನೆ.

ಇದು ಸೋಮಾರಿತನ ಅಲ್ಲ. ತಪ್ಪಿಸಿಕೊಂಡಾಗ ಆ ಕ್ಷಣಕ್ಕೆ ಹಗುರ ಆಗುತ್ತದೆ, ಅದಕ್ಕೇ ಮುಂದಿನ ಸಲ ಭಯ ಇನ್ನೂ ಜಾಸ್ತಿ ಆಗುತ್ತದೆ ಅಲ್ವಾ? ಸ್ವಲ್ಪಸ್ವಲ್ಪವಾಗಿ ಎದುರಿಸುವುದನ್ನು ಕಲಿಸುವ ಚಿಕಿತ್ಸೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿಸುತ್ತೇನೆ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎದುರು ಕೂತು ಮಾತಾಡುವವರೂ ಬೇಕು.

ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಇಂಥ ಭಯಕ್ಕೆ ಕೌನ್ಸೆಲಿಂಗ್ ಪಡೆದವರು ಇದ್ದೀರಾ? 'ಹುಚ್ಚರ ಆಸ್ಪತ್ರೆಗೆ ಯಾಕೆ' ಅಂತ ಅಪ್ಪ ಬೇಡ ಅಂತಾರೆ. ನಿಮ್ಮ ಮನೆಯವರಿಗೆ ಏನು ಹೇಳಿ ಒಪ್ಪಿಸಿದಿರಿ?

ಇನ್ನೊಂದು. ಸಪ್ತಾಪುರ, ಕೆಲಗೇರಿ ಕಡೆ ಭಾನುವಾರ ಟೈಮ್ ಇಟ್ಟು, ಓಎಂಆರ್ ಶೀಟ್ ಮೇಲೆ ಅಣಕು ಪರೀಕ್ಷೆ ಬರೆಯುವ ಸಣ್ಣ ಗುಂಪು ಇದ್ದರೆ ದಯವಿಟ್ಟು ಅವನನ್ನೂ ಸೇರಿಸಿಕೊಳ್ಳಿ. ಮೊದಲ ದಿನ ನಾನೇ ಕರೆದುಕೊಂಡು ಬರುತ್ತೇನೆ.