‘ಕಂದು ಕುಬ್ಜ’: ಬಣ್ಣವೋ, ಕಂದುವುದೋ?

ನಕ್ಷತ್ರಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಗುಂಪಾಗಿ ಹುಟ್ಟಿದ ನಕ್ಷತ್ರಗಳ ನಡುವೆ, ಯಾವುದೋ ಒಂದು ನಕ್ಷತ್ರವನ್ನು ತೀರಾ ಹತ್ತಿರದಿಂದ ಸುತ್ತುವ ಕಂದು ಕುಬ್ಜಗಳನ್ನು ಹೇಗೆ ಹುಡುಕುತ್ತಾರೆ ಅನ್ನುವುದು ವಿಷಯ. ಕಂದು ಕುಬ್ಜ ಅಂದರೆ ಗ್ರಹಕ್ಕಿಂತ ಭಾರ, ನಕ್ಷತ್ರಕ್ಕಿಂತ ಹಗುರವಾದ ಕಾಯ; ಇಂಗ್ಲಿಷಿನಲ್ಲಿ ಬ್ರೌನ್ ಡ್ವಾರ್ಫ್. ಮೊದಲ ಪುಟವನ್ನು ಅಮ್ಮನಿಗೆ ಓದಿ ಹೇಳಿದೆ. ‘ಕಂದು ಕುಬ್ಜ’ ಅಂತ ಬಂದ ಕೂಡಲೇ ಅಮ್ಮ ತಡೆದು ಕೇಳಿದರು: “ಅದ್ಯಾಕೆ ಕಂದಿತು?”

ನಾನು ಹೇಳಿದ್ದು ಬಣ್ಣ. ಅಮ್ಮನಿಗೆ ಕೇಳಿಸಿದ್ದು ‘ಮುಖ ಕಂದಿತು’, ‘ಬಿಸಿಲಿಗೆ ಎಲೆ ಕಂದಿದೆ’ ಅನ್ನುವಾಗಿನ ಕಂದು. ಬಾಡು, ಮಾಸು, ಹೊಳಪು ಕಳೆದುಕೊಳ್ಳು. ಯೋಚಿಸಿದಷ್ಟೂ ಅಮ್ಮನಿಗೆ ಕೇಳಿಸಿದ ಅರ್ಥವೇ ಜಾಸ್ತಿ ಸರಿ ಅನ್ನಿಸುತ್ತಿದೆ. ಅದಕ್ಕೇ ನಿಮ್ಮನ್ನೆಲ್ಲ ಕೇಳುತ್ತಿದ್ದೇನೆ.

ಈ ಹೆಸರಲ್ಲಿ ಬಣ್ಣಕ್ಕೆ ಗಟ್ಟಿ ಆಧಾರ ಇಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಖಗೋಳ ವಿಜ್ಞಾನಿ ಶಿವ್ ಕುಮಾರ್ ಇಂಥ ಕಾಯಗಳು ಇರಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಆಗ ಇಟ್ಟ ಹೆಸರು ಕಪ್ಪು ಕುಬ್ಜ. ಆದರೆ ಪೂರ್ತಿ ಆರಿಹೋದ ಬಿಳಿ ಕುಬ್ಜಕ್ಕೂ (ಉರಿದು ಮುಗಿದ ನಕ್ಷತ್ರದ ಉಳಿಕೆ) ಅದೇ ಹೆಸರು. ಗೊಂದಲ ಬೇಡ ಅಂತ 1975ರಲ್ಲಿ ಖಗೋಳ ವಿಜ್ಞಾನಿ ಜಿಲ್ ಟಾರ್ಟರ್ ‘ಬ್ರೌನ್ ಡ್ವಾರ್ಫ್’ ಅಂದರು. ಆ ಹೊತ್ತಿಗೆ ಇವುಗಳಲ್ಲಿ ಒಂದನ್ನೂ ಯಾರೂ ನೋಡಿರಲಿಲ್ಲ. ಹತ್ತಿರ ಹೋಗಿ ನೋಡಿದರೆ ಹೆಚ್ಚಿನವು ಕೆಂಪಗೋ ನೇರಳೆ ಬೆರೆತ ಕೆಂಪಾಗಿಯೋ ಕಾಣಬೇಕು.

ಕಂದುವುದು ಮಾತ್ರ ಅವುಗಳ ಇಡೀ ಬದುಕು. ತೂಕ ಗುರುಗ್ರಹದ ಸುಮಾರು 13 ಪಟ್ಟಿನಿಂದ 75–80 ಪಟ್ಟಿನವರೆಗೆ. ಸೂರ್ಯನ ಹಾಗೆ ಜಲಜನಕವನ್ನು ಬೆಸೆಯುತ್ತಾ ಉರಿಯುತ್ತಲೇ ಇರಲು ಅಷ್ಟು ತೂಕ ಸಾಲದು. ಹುಟ್ಟುವಾಗ ಕುಗ್ಗಿ ಪಡೆದ ಕಾವೇ ಮುಖ್ಯ ಬಂಡವಾಳ. ಅದು ಕರಗುತ್ತಾ ಹೋದಂತೆ ಇವೂ ತಣ್ಣಗಾಗುತ್ತವೆ, ಮಂಕಾಗುತ್ತವೆ. ಕಂದುತ್ತವೆ, ಅಲ್ವಾ?

ನಮ್ಮಲ್ಲಿ ಹೀಗೆ ಪದ ಕಟ್ಟುವ ದಾರಿಯೂ ಇದೆ. ತೂಗುವ ಸೇತುವೆ ತೂಗುಸೇತುವೆ. ಹಾರುವ ಬೂದಿ ಹಾರುಬೂದಿ. ಸುಡುವ ಬಿಸಿಲು ಸುಡುಬಿಸಿಲು. ಹಾಗೆಯೇ ಕಂದುವ ಕುಬ್ಜ ‘ಕಂದುಕುಬ್ಜ’ ಆಗಬಹುದಲ್ಲ. ಬಿಡಿಸಿ ಬರೆದರೆ ಬಣ್ಣ, ಸೇರಿಸಿ ಬರೆದರೆ ಕೆಲಸ. ಒಂದು ಅಕ್ಷರವೂ ಬದಲಾಗುವುದಿಲ್ಲ. ಇಂಗ್ಲಿಷ್ ಹೆಸರಿನಲ್ಲಿ ಇಲ್ಲದ ಅರ್ಥ ನಮ್ಮ ಪದಕ್ಕೆ ತಾನಾಗಿ ಸಿಗುತ್ತದೆ.

ಹತ್ತಿರದ ಸುತ್ತು, ನಕ್ಷತ್ರಗಳ ಗುಂಪು, ಇವೆರಡೂ ಯಾಕೆ ಬೇಕು ಅನ್ನುವುದಕ್ಕೂ ಈ ಕಂದುವಿಕೆಯೇ ಕಾರಣ. ಮಂಕಾದ ಒಂದು ಕುಬ್ಜ ಕಂಡಿತು ಅನ್ನಿ. ಅದು ಹಗುರವಾದ ಎಳೆಯದೋ, ಭಾರವಾದ ಹಳೆಯದೋ? ಬೆಳಕೊಂದನ್ನೇ ನೋಡಿ ಹೇಳುವುದು ಕಷ್ಟ. ಒಂದೇ ಮೋಡದಿಂದ ಹೆಚ್ಚುಕಮ್ಮಿ ಒಟ್ಟಿಗೆ ಹುಟ್ಟಿದ ಗುಂಪಿನಲ್ಲಿ ಅದು ಸಿಕ್ಕರೆ ಗುಂಪಿನ ವಯಸ್ಸೇ ಅದರ ವಯಸ್ಸು. ಕೃತ್ತಿಕೆ ಅಂಥ ಒಂದು ಗುಂಪು; ಅಲ್ಲಿ 1995ರಲ್ಲಿ ಸಿಕ್ಕ ಟೆಯ್ಡೆ 1 ಎಂಬ ಕಂದು ಕುಬ್ಜ ಹಾಗೆಯೇ ಸುಮಾರು 12 ಕೋಟಿ ವರ್ಷದ್ದು ಎಂದು ಗೊತ್ತಾಯಿತು. ಆದರೆ ಅದು ಒಂಟಿ, ಅದರ ಸೆಳೆತ ನೋಡಿ ತೂಕ ಅಳೆಯಲು ಜೊತೆ ನಕ್ಷತ್ರ ಇಲ್ಲ. ಕರ್ಕಾಟಕ ರಾಶಿಯ ಪ್ರೆಸೆಪೆ ಗುಂಪಿನಲ್ಲಿ ಎಡಿ 3116 ಎಂಬ ಪುಟ್ಟ ಕೆಂಪು ನಕ್ಷತ್ರ ಇದೆ. ಕೆಪ್ಲರ್ ದೂರದರ್ಶಕ ನೋಡಿದಾಗ ಸುಮಾರು ಎರಡು ದಿನಕ್ಕೊಮ್ಮೆ ಅದರ ಬೆಳಕು ಇಳಿಯುತ್ತಿತ್ತು. ಏನೋ ಒಂದು ಮುಂದೆ ಅಡ್ಡ ಹಾಯುತ್ತಿದೆ. ಎಷ್ಟು ಬೆಳಕು ಮರೆಯಾಯಿತು ಎಂಬುದರಿಂದ ಗಾತ್ರ ಸಿಕ್ಕಿತು: ಹೆಚ್ಚುಕಮ್ಮಿ ಗುರುವಿನಷ್ಟು. ಅದರ ಸೆಳೆತಕ್ಕೆ ನಕ್ಷತ್ರ ಎಷ್ಟು ಓಲಾಡುತ್ತಿದೆ ಎಂಬುದರಿಂದ ತೂಕ ಸಿಕ್ಕಿತು: ಸುಮಾರು 54 ಗುರುಗಳಷ್ಟು. ವಯಸ್ಸನ್ನು ಗುಂಪೇ ಹೇಳಿತು. 2017ರಲ್ಲಿ ಇದು ಪ್ರಕಟವಾಯಿತು. ವಯಸ್ಸು, ತೂಕ, ಗಾತ್ರ ಮೂರೂ ಗೊತ್ತಿರುವ ಕಂದುಕುಬ್ಜ ಸಿಗುವುದು ಬಲು ಅಪರೂಪ.

ಮೇಲೆ ಸುಮ್ನೆ ‘ಗುಂಪು’ ಅಂದೆ. ಅಲ್ಲೂ ತೊಡಕಿದೆ. ‘ನಕ್ಷತ್ರಪುಂಜ’ ಅಂದರೆ ಕೆಲವರಿಗೆ ವೃಷಭ, ವೃಶ್ಚಿಕದಂಥ ಆಕಾರ. ಅಲ್ಲಿನ ನಕ್ಷತ್ರಗಳು ನಮ್ಮ ಕಣ್ಣಿಗಷ್ಟೇ ಅಕ್ಕಪಕ್ಕ, ನಿಜದಲ್ಲಿ ಒಂದಕ್ಕೊಂದು ಬಹು ದೂರ ಇರಬಹುದು. ಕೃತ್ತಿಕೆ ಹಾಗಲ್ಲ. ಅದಕ್ಕೆ ‘ಗುಚ್ಛ’ ಬಳಸುವವರಿದ್ದಾರೆ. ನನಗೆ ‘ಗೊಂಚಲು’ ಇಷ್ಟ. ಒಂದೇ ತೊಟ್ಟಿನಿಂದ ಬಂದದ್ದು ಎಂಬ ಭಾವ ಅದರಲ್ಲೇ ಇದೆ. ‘ನಕ್ಷತ್ರ ಗೊಂಚಲು’ ನಿಮ್ಮ ಕಿವಿಗೆ ಹೇಗಿದೆ?

ಇನ್ನೊಂದು ಪದ. ಸೂರ್ಯನಂಥ ನಕ್ಷತ್ರಗಳ ತೀರಾ ಹತ್ತಿರ ಗ್ರಹಗಳು ಸಿಗುತ್ತವೆ, ಜೊತೆ ನಕ್ಷತ್ರಗಳೂ ಸಿಗುತ್ತವೆ, ಈ ನಡುವಿನ ತೂಕದವು ಮಾತ್ರ ತುಂಬಾ ಕಮ್ಮಿ. ಆ ಖಾಲಿ ಜಾಗವನ್ನು ಇಂಗ್ಲಿಷಿನಲ್ಲಿ ಮರುಭೂಮಿ ಅನ್ನುತ್ತಾರೆ. ನನ್ನ ಕರಡಿನಲ್ಲಿ ‘ಬರಡು ಪಟ್ಟಿ’ ಅಂತ ಹಾಕಿದ್ದೇನೆ. ಅಲ್ಲಿ ಏನೂ ಇಲ್ಲವೆಂದಲ್ಲ, ಅಪರೂಪಕ್ಕೆ ಒಂದೊಂದು ಮೊಳೆಯುತ್ತದೆ ಎಂಬುದು ‘ಬರಡು’ ಪದದಲ್ಲಿ ಬರುತ್ತದೆ ಅಂದುಕೊಂಡಿದ್ದೇನೆ.

ವ್ಯಾಕರಣ ಬಲ್ಲವರಲ್ಲಿ ಕೊನೆಯದಾಗಿ ಒಂದು ಪ್ರಶ್ನೆ. ಸುಡು, ಕಾಡು ಸೇರಿ ‘ಸುಡುಗಾಡು’ ಆಯಿತು, ಕಕಾರ ಗಕಾರವಾಯಿತು. ಸೇರಿಸಿ ಬರೆಯುವುದಾದರೆ ಇದೂ ‘ಕಂದುಗುಬ್ಜ’ ಆಗಬೇಕಾ? ಅಥವಾ ಕುಬ್ಜ ಸಂಸ್ಕೃತದ್ದಾದ್ದರಿಂದ ಹಾಗೇ ಬಿಡಬಹುದಾ?