‘ಕಡ್ಡಾಯ’ ಮತ್ತು ‘ವಜಾ’: ಲಸಿಕೆ ನೋಟಿಸಿನ ಎರಡು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ನಾನು ಕಲಬುರಗಿಯಲ್ಲಿ ಕೋರ್ಟ್ ಹತ್ತಿರ ಕನ್ನಡ ಟೈಪಿಂಗ್ ಮಾಡುತ್ತೇನೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ನೋಟಿಸು ಇವೇ ದಿನದ ಕೆಲಸ. ಕಾರ್ಮಿಕರ ಕೇಸು ನಡೆಸುವ ವಕೀಲರೊಬ್ಬರು ಈಗ ಒಂದು ಸಣ್ಣ ಪದಪಟ್ಟಿ ಮಾಡಿಕೊಡಿ ಅಂತ ಕೇಳಿದ್ದಾರೆ. ಮಾಲೀಕರು ನೌಕರರಿಗೆ ಕೊಡುವ ನೋಟಿಸಿನಲ್ಲಿ ಬರುವ ಮಾತುಗಳು ಓದಿದ ಕೂಡಲೇ ತಿಳಿಯುವಂತಿರಬೇಕು ಅನ್ನುವುದು ಅವರ ಆಸೆ. ಕೊರೊನಾ ಕಾಲದ ನೋಟಿಸುಗಳಿಗೆ ಬಂದಾಗ ನನ್ನ ಕೈ ನಿಂತಿತು. ಅದರಲ್ಲೂ ಎರಡು ಪದ ಬಿಡುತ್ತಲೇ ಇಲ್ಲ: ಕಡ್ಡಾಯ, ವಜಾ.

ಮೊದಲು ವಜಾ ವಿಷಯ ಹೇಳುತ್ತೇನೆ, ಯಾಕೆಂದರೆ ಅದು ನನ್ನ ಕೈಯಿಂದಲೇ ಆದದ್ದು.

2021ರ ಡಿಸೆಂಬರ್. ಹೊಸ ತೊಗರಿ ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಬರುವ ಹೊತ್ತು, ದಾಲ್ ಮಿಲ್‌ಗಳಿಗೆ ಪುರಸೊತ್ತಿಲ್ಲದ ಕಾಲ. ಮಾಲ್, ಸಿನಿಮಾ ಮಂದಿರಗಳಿಗೆ ಎರಡು ಡೋಸ್ ಆದವರಿಗೆ ಮಾತ್ರ ಪ್ರವೇಶ ಅಂತ ರಾಜ್ಯ ಸರ್ಕಾರ ಆ ತಿಂಗಳ ಮೊದಲ ವಾರದಲ್ಲಿ ನಿಯಮ ಮಾಡಿತ್ತು. ಅದನ್ನು ನೋಡಿ ಊರಲ್ಲಿ ಎಷ್ಟೋ ಗೇಟುಗಳ ಮೇಲೆ ನೋಟಿಸು ಬಿದ್ದವು. ಒಂದು ಮಿಲ್ಲಿನ ಲೆಕ್ಕ ನೋಡುವ ಮುನೀಮರು ನನ್ನ ಹತ್ತಿರ ಬಂದು ಹೀಗೆ ಬರೆಸಿದರು: ‘ಎಲ್ಲ ಕೆಲಸಗಾರರಿಗೆ ಲಸಿಕೆ ಕಡ್ಡಾಯ. ಹತ್ತು ದಿನದೊಳಗೆ ಪಡೆಯದಿದ್ದಲ್ಲಿ ವಜಾ ಮಾಡಲಾಗುವುದು.’ ಎರಡೇ ಸಾಲು. ಟೈಪ್ ಮಾಡಿ ಎರಡು ಪ್ರತಿ ತೆಗೆದುಕೊಟ್ಟೆ.

ಮೂರು ವಾರದ ಮೇಲೆ ಅದೇ ನೋಟಿಸಿನ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡು ಒಬ್ಬ ಹಮಾಲರು ಬಂದರು. ಆಳಂದ ಕಡೆಯವರು. ಸ್ಕ್ರೀನಿನ ಮೇಲೆ ಬೆರಳಿಟ್ಟು ‘ಅಕ್ಕಾರ, ಇದು ಪಗಾರದಾಗ ವಜಾ ಅಲ್ಲೇನ್ರಿ? ನಾಕ್ ದಿನದ್ದು ಹೋದ್ರ ಹೋಗ್ಲಿ ಅಂತ ಊರಿಗಿ ಹೋಗಿದ್ದೆ. ಬಂದ್ ನೋಡಿದ್ರ ಹಾಜರಿ ಬುಕ್ಕಿನಾಗ ನನ್ನ ಹೆಸರೇ ಇಲ್ರಿ’ ಅಂದರು.

ಅವರು ತಪ್ಪು ಓದಿರಲಿಲ್ಲ. ವಜಾ ಅರಬ್ಬಿಯಿಂದ ಉರ್ದು, ಮರಾಠಿಗಳ ಮೂಲಕ ನಮ್ಮ ಕಡೆ ಬಂದ ಮಾತು. ಲೆಕ್ಕದಲ್ಲಿ ಕಳೆಯುವುದು, ಮುರಿದುಕೊಳ್ಳುವುದು ಅದರ ಮೂಲ ಅರ್ಥ. ಮರಾಠಿ ಶಾಲೆಯಲ್ಲಿ ಕಳೆಯುವ ಲೆಕ್ಕಕ್ಕೆ ಇವತ್ತಿಗೂ ವಜಾಬಾಕಿ ಅಂತಲೇ ಹೆಸರು. ಆಳಂದ ತಾಲ್ಲೂಕು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡೇ ಇದೆ. ಗಂಜಿನ ಲೆಕ್ಕದಲ್ಲೂ ಮುಂಗಡ ವಜಾ, ತೂಕದಲ್ಲಿ ವಜಾ ಅನ್ನುವುದು ದಿನದ ಮಾತು. ಕಚೇರಿ ಕನ್ನಡದಲ್ಲಿ ಮಾತ್ರ ವಜಾ ಅಂದರೆ ಮನುಷ್ಯನನ್ನೇ ಕೆಲಸದಿಂದ ಕಳೆದುಬಿಡುವುದು. ನಾನು ಟೈಪ್ ಮಾಡಿದ ಸಾಲಿನಲ್ಲಿ ಯಾರನ್ನು ಅಂತಲೂ ಇರಲಿಲ್ಲ, ಏನನ್ನು ಅಂತಲೂ ಇರಲಿಲ್ಲ. ಸುಮ್ನೆ ‘ವಜಾ ಮಾಡಲಾಗುವುದು’. ಓದುವವರು ತಮಗೆ ಗೊತ್ತಿರುವ ವಜಾವನ್ನೇ ಅಲ್ಲಿ ಇಟ್ಟುಕೊಂಡರು.

ಇನ್ನೊಂದು ಗಂಟೂ ಇತ್ತು. ‘ಲಸಿಕೆ ಪಡೆಯದಿದ್ದಲ್ಲಿ’ ಅಂದರೆ ಎಷ್ಟು? ಆ ಹಮಾಲರು ನವೆಂಬರಿನಲ್ಲಿ ಮೊದಲ ಕೋವಿಶೀಲ್ಡ್ ಹಾಕಿಸಿಕೊಂಡಿದ್ದರು. ಎರಡನೆಯದಕ್ಕೆ ಆಗ 84 ದಿನ ಕಾಯಲೇಬೇಕಿತ್ತು. ಅವಸರ ಮಾಡಿದರೂ ಯಾರೂ ಹಾಕುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಲಸಿಕೆ ಆಗಿದೆ, ಮುನೀಮರ ಲೆಕ್ಕದಲ್ಲಿ ಆಗಿಲ್ಲ. ನಮ್ಮ ಮಂದಿ ಮಾತಾಡುವಾಗ ಈ ಗೊಂದಲವೇ ಇಲ್ಲ ನೋಡಿ. ‘ಒಂದ್ ಸೂಜಿ ಆಗೇದ, ಇನ್ನೊಂದು ಬಾಕಿ ಅದ’ ಅನ್ನುತ್ತಾರೆ. ಎಣಿಸಲು ಬರುವ ಪದ ಅದು. ಬರವಣಿಗೆಗೆ ಬಂದ ಕೂಡಲೇ ನಾವು ಲಸಿಕೆ ಅಂತೇವೆ, ಇನ್ನೂ ಮೇಲೆ ಹೋಗಿ ಲಸಿಕಾಕರಣ ಅಂತೇವೆ, ಎಣಿಕೆ ಮಾಯವಾಗುತ್ತದೆ. (ಲಸಿಕೆಯ ಸಂಸ್ಕೃತ ಮೂಲ ಲಸೀಕಾ, ಮೈಯೊಳಗಿನ ನೀರಿನಂಥ ರಸ. ಸಿಡುಬಿನ ಕಾಲದಲ್ಲಿ ಗುಳ್ಳೆಯ ರಸವನ್ನೇ ತೋಳಿಗೆ ಹಾಕುತ್ತಿದ್ದರು, ಹಾಗಾಗಿ ಹೆಸರು ಒಪ್ಪುತ್ತದೆ. ನಮ್ಮ ಅಜ್ಜಿ ಅದಕ್ಕೆ ದೇವಿ ಹಾಕಿಸೋದು ಅನ್ನುತ್ತಿದ್ದರು.)

ಹಮಾಲರ ಪರವಾಗಿ ವಕೀಲರು ಮಿಲ್ಲಿಗೆ ಒಂದು ಪತ್ರ ಬರೆದರು. ವರ್ಷದಲ್ಲಿ 240 ದಿನ ದುಡಿದ ಕೆಲಸಗಾರನನ್ನು ಹೀಗೆ ಸುಮ್ನೆ ತೆಗೆಯಲು ಬರುವುದಿಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆ ಆಗ ಜಾರಿಯಲ್ಲಿತ್ತು. ಅದರ ಪ್ರಕಾರ ಒಂದು ತಿಂಗಳ ನೋಟಿಸು ಅಥವಾ ಆ ತಿಂಗಳ ಸಂಬಳ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳವೂ ಸೇರಬೇಕು. ತಪ್ಪು ಮಾಡಿದ್ದಾನೆ ಅಂತ ತೆಗೆಯುವುದಾದರೆ ವಿಚಾರಣೆ ಆಗಬೇಕು. ಸಂಕ್ರಾಂತಿ ಕಳೆದ ಮೇಲೆ ಮಿಲ್ಲಿನವರು ಆ ಹಮಾಲರನ್ನು ವಾಪಸ್ ತೆಗೆದುಕೊಂಡರು. ನಡುವಿನ ದಿನಗಳ ಪಗಾರ ಮಾತ್ರ ಸಿಗಲಿಲ್ಲ.

ಈಗ ಕಡ್ಡಾಯಕ್ಕೆ ಬರುತ್ತೇನೆ. ನಾನು ಲಸಿಕೆಯ ವಿರೋಧಿ ಅಲ್ಲ. ದೇಶದ ಮೊದಲ ಕೊರೊನಾ ಸಾವು ನಮ್ಮ ಕಲಬುರಗಿಯವರದೇ, 2020ರ ಮಾರ್ಚ್‌ನಲ್ಲಿ. ಆ ದಿನಗಳಲ್ಲಿ ಓಣಿ ಓಣಿ ಹೇಗೆ ಸುಮ್ಮನಾಗಿತ್ತು ಅನ್ನುವುದನ್ನು ಕಂಡಿದ್ದೇನೆ. ನನ್ನ ಸರದಿ ಬಂದ ದಿನವೇ ಹೋಗಿ ಹಾಕಿಸಿಕೊಂಡೆ. ನನ್ನ ತಕರಾರು ಪದದ ಮೇಲೆ.

ಕಡ್ಡಾಯ ಅನ್ನುವ ಒಂದೇ ಪದದೊಳಗೆ ಎರಡು ಬೇರೆ ಸಂಗತಿ ಕೂತಿವೆ. ನಿನ್ನ ತೋಳು ಹಿಡಿದು ಹಾಕುತ್ತೇವೆ ಅನ್ನುವುದು ಒಂದು. ಹಾಕಿಸಿಕೊಂಡಿದ್ದರೆ ಒಳಗೆ ಬಾ ಅನ್ನುವುದು ಇನ್ನೊಂದು. ಕಾನೂನಿನಲ್ಲಿ ಇವೆರಡರ ನಡುವೆ ದೊಡ್ಡ ಅಂತರ ಇದೆ. 2022ರ ಮೇ 2ರಂದು, ಲಸಿಕೆಯ ಒತ್ತಾಯವನ್ನು ಪ್ರಶ್ನಿಸಿದ್ದ ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಅವರವರ ಮೈ ಅವರವರದು, ಅದು ಸಂವಿಧಾನದ 21ನೇ ವಿಧಿಯೊಳಗೆ (ಬದುಕುವ ಹಕ್ಕು) ಬರುತ್ತದೆ. ಆದರೆ ಎಲ್ಲರ ಆರೋಗ್ಯಕ್ಕಾಗಿ ಸರ್ಕಾರ ಕೆಲವು ನಿರ್ಬಂಧ ಹಾಕಬಹುದು, ಅವು ಅಗತ್ಯಕ್ಕೆ ತಕ್ಕಷ್ಟು ಇರಬೇಕು. ಲಸಿಕೆ ಆಗದವರ ಮೇಲೆ ಆಗ ಹಾಕಿದ್ದ ನಿರ್ಬಂಧಗಳು ತಕ್ಕಷ್ಟಿರಲಿಲ್ಲ ಅಂತಲೂ ಕೋರ್ಟ್ ಹೇಳಿತು. ಅದಕ್ಕೂ ಮೊದಲು, 2021ರ ಜೂನ್‌ನಲ್ಲಿ, ಮೇಘಾಲಯ ಹೈಕೋರ್ಟ್ ಒತ್ತಾಯದ ಲಸಿಕೆ ಹೊಟ್ಟೆಪಾಡಿನ ಹಕ್ಕಿಗೆ ಅಡ್ಡ ಬರುತ್ತದೆ ಅಂದಿತ್ತು. ಬದಲಿಗೆ ಅಂಗಡಿಗಳ ಮುಂದೆ ‘ಇಲ್ಲಿಯವರಿಗೆ ಲಸಿಕೆ ಆಗಿದೆ’, ‘ಆಗಿಲ್ಲ’ ಅಂತ ಬೋರ್ಡ್ ಹಾಕಿ ಅಂತ ಹೇಳಿತು. ನನಗೆ ಆ ಬೋರ್ಡಿನ ಮಾತು ಜಾಸ್ತಿ ಇಷ್ಟವಾಯಿತು. ಅದರಲ್ಲಿ ಕಡ್ಡಾಯವೂ ಇಲ್ಲ, ವಜಾವೂ ಇಲ್ಲ. ಇರುವ ಸಂಗತಿ ಇದ್ದ ಹಾಗೆ ಇದೆ.

ಅಮೆರಿಕದಲ್ಲಿ ಇದನ್ನು ವ್ಯಾಕ್ಸಿನ್ ಮ್ಯಾಂಡೇಟ್ ಅಂದರು. ಅಲ್ಲಿಯೂ ಒಳಹೊಕ್ಕು ನೋಡಿದರೆ ಆ ಪದ ಒಂದೇ ಅರ್ಥದ್ದಲ್ಲ. 100 ಅಥವಾ ಹೆಚ್ಚು ನೌಕರರಿರುವ ಕಂಪನಿಗಳಿಗೆ 2021ರ ನವೆಂಬರಿನಲ್ಲಿ ಬಂದ ನಿಯಮದಲ್ಲಿ, ಲಸಿಕೆ ಬೇಡ ಅಂದವರಿಗೆ ಮಾಸ್ಕ್ ಹಾಕಿಕೊಂಡು ವಾರಕ್ಕೊಮ್ಮೆ ಟೆಸ್ಟ್ ಮಾಡಿಸುವ ದಾರಿ ಇತ್ತು. ಅಲ್ಲಿನ ಸುಪ್ರೀಂ ಕೋರ್ಟ್ 2022ರ ಜನವರಿ 13ರಂದು ಅದನ್ನು ತಡೆಯಿತು, ಅದೇ ದಿನ ಆಸ್ಪತ್ರೆ ಸಿಬ್ಬಂದಿಯ ನಿಯಮವನ್ನು ಉಳಿಸಿತು. ಮ್ಯಾಂಡೇಟ್‌ಗೆ ನಮ್ಮ ಚುನಾವಣೆ ಸುದ್ದಿಗಳಲ್ಲಿ ಜನಾದೇಶ ಅಂತಾರೆ, ಅದು ಇಲ್ಲಿಗೆ ಒಗ್ಗುವುದಿಲ್ಲ. ಕಡ್ಡಾಯ ಅಂದರೆ ಟೆಸ್ಟ್‌ನ ದಾರಿ ಕಾಣುವುದೇ ಇಲ್ಲ.

ನಮ್ಮ ಭಾಗದ ಮಾತಿನಲ್ಲಿ ಈ ಭೇದ ಮೊದಲೇ ಇದೆ ಅನ್ನುವುದು ನನ್ನ ಅನಿಸಿಕೆ. ತೋಳು ಹಿಡಿಯುವುದಕ್ಕೆ ಸಕ್ತಿ ಅಂತೇವೆ, ಜಬರದಸ್ತಿ ಅಂತೇವೆ. ಸಕ್ತಿ ಫಾರಸಿಯ ಸಖ್ತ್‌ನಿಂದ ಬಂದದ್ದು, ಗಟ್ಟಿ, ಬಿರುಸು ಅಂತ ಅರ್ಥ. ಸಕ್ತಮಜೂರಿ ಶಿಕ್ಷೆಯಲ್ಲೂ ಅದೇ ಸಕ್ತ. ಜಬರದಸ್ತಿಯನ್ನು ಬಿಡಿಸಿದರೆ ಜಬರ್ ಅಂದರೆ ಮೇಲೆ, ದಸ್ತ್ ಅಂದರೆ ಕೈ. ಕನ್ನಡದ ಮೇಲುಗೈ ಇದ್ದ ಹಾಗೇ. ‘ಹಾಕಿಸಿಕೊಂಡಿದ್ದರೆ ಬಾ’ ಅನ್ನುವುದಕ್ಕೆ ಷರತ್ತು ಇದೆ. ಷರತ್ತು ಅಂದ ಕೂಡಲೇ ಇನ್ನೊಂದು ಬದಿಯೂ ಇದೆ, ಒಪ್ಪದಿದ್ದರೆ ಏನು ಅನ್ನುವುದನ್ನೂ ಹೇಳಬೇಕು ಅಂತ ಬರೆಯುವವರಿಗೆ ನೆನಪಾಗುತ್ತದೆ. ಅದಕ್ಕೇ ನಾನು ಪಟ್ಟಿಯಲ್ಲಿ ‘ಲಸಿಕೆ ಷರತ್ತು’ ಅಂತ ಬರೆದಿದ್ದೇನೆ. ಕಡ್ಡಾಯವನ್ನು ತೆಗೆದೇಬಿಡಬೇಕು ಅನ್ನುವ ಕಡೆಗೇ ನನ್ನ ಮನಸ್ಸು. ಆದರೆ ಸರ್ಕಾರಿ ಸುತ್ತೋಲೆಗಳಲ್ಲಿ ಅದೇ ಬೇರೂರಿದೆ. ಇದಕ್ಕೆ ನಿಮ್ಮ ಅಭಿಪ್ರಾಯ ಬೇಕು.

ಅಮಾನತು ಪದವೂ ಇಂಥದ್ದೇ. ಕಚೇರಿಯಲ್ಲಿ ಅದು ಸಸ್ಪೆಂಡ್. ಉರ್ದು ಮನೆಮಾತಿನವರಿಗೆ ಅಮಾನತ್ ಅಂದರೆ ನಂಬಿ ಇಟ್ಟುಹೋದ ವಸ್ತು. ಬೀದರಿನಲ್ಲಿ ಒಬ್ಬರು ಅಮಾನತು ಆದೇಶ ಓದಿ, ತಮ್ಮ ಹಣ ಏನಾದರೂ ಜಮಾ ಇದೆಯಾ ಅಂತ ಕೇಳಿದರೆ ಅವರದು ಅಜ್ಞಾನ ಅಲ್ಲ. ಇದನ್ನು ಸಸ್ಪೆಂಡ್ ಅಂತಲೇ ಬರೆಯುವುದು ಒಳ್ಳೆಯದು, ಎಲ್ಲರಿಗೂ ಗೊತ್ತಿದೆ.

ಆ ನೋಟಿಸನ್ನು ಈಗ ಹೀಗೆ ಬರೆದು ನೋಡಿದ್ದೇನೆ: ‘ಎರಡೂ ಡೋಸ್ ಆದವರು ಮಾತ್ರ ಗೇಟಿನ ಒಳಗೆ ಬರಬಹುದು. ಎರಡನೇ ಡೋಸ್ ಬಾಕಿ ಇದ್ದವರು ಯಾವ ತಾರೀಖಿಗೆ ಇದೆ ಅಂತ ಆಫೀಸಿಗೆ ತಿಳಿಸಬೇಕು. ಅಲ್ಲಿಯವರೆಗೆ ಪಗಾರ ಇರುವುದಿಲ್ಲ, ಹಾಜರಿಯಿಂದ ಹೆಸರು ತೆಗೆಯುವುದಿಲ್ಲ.’ ಪಗಾರ ನಿಲ್ಲಿಸುವುದು ಸರಿಯಾ ಅನ್ನುವುದನ್ನು ವಕೀಲರು ನೋಡಿಕೊಳ್ಳುತ್ತಾರೆ. ನನಗೆ ಬೇಕಿರುವುದು ಈ ಸ್ಥಿತಿಗೆ ಒಂದು ಹೆಸರು. ಕೆಲಸ ಇದೆ, ಗೇಟಿನ ಹೊರಗಿದ್ದಾನೆ, ತಪ್ಪೇನೂ ಮಾಡಿಲ್ಲ. ಅದು ವಜಾ ಅಲ್ಲ, ಸಸ್ಪೆಂಡ್ ಅಲ್ಲ, ಅವನು ಕೇಳಿ ಪಡೆದ ರಜೆಯೂ ಅಲ್ಲ. ನಮ್ಮಲ್ಲಿ ‘ಮನ್ಯಾಗ ಕುಂದರ್ಸ್ಯಾರ’ ಅನ್ನುತ್ತಾರೆ. ಇದನ್ನು ನೋಟಿಸಿನಲ್ಲಿ ಹೆಸರುಪದವಾಗಿ ಬರೆಯುವುದು ಹೇಗೆ? ಯಾದಗಿರಿ, ಬೀದರ್ ಕಡೆಯ ಕಾರ್ಖಾನೆಗಳಲ್ಲಿ ಇದಕ್ಕೆ ಬೇರೆ ಮಾತು ಕೇಳಿದವರಿದ್ದರೆ, ಅದನ್ನು ಕೇಳಿದ ಇಡೀ ವಾಕ್ಯದ ಸಮೇತ ಬರೆದು ತಿಳಿಸಿ.